ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದರೂ ಕಾರು ಜಾರುತ್ತಿದ್ದರೆ

ಲಿವರ್ ಪೂರ್ತಿ ಮೇಲೆ ಬಂದರೂ ಇಳಿಜಾರಿನಲ್ಲಿ ಕಾರು ನಿಲ್ಲುತ್ತಿಲ್ಲ, ಕೇಬಲ್ ಟೈಟ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಕೇಬಲ್‌ನಿಂದ ಶುರು ಮಾಡಬೇಡಿ. ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಅಂದಿದ್ದೀರಲ್ವಾ, ಡ್ರಮ್‌ನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಶೂ ಸವೆದು ಡ್ರಮ್‌ನಿಂದ ದೂರ ಆಗಿದ್ದರೆ ಕೇಬಲ್ ಬಿಗಿ ಮಾಡುವುದು ಬರೀ ತೇಪೆ ಹಚ್ಚಿದ ಹಾಗೆ. ಕೇಬಲ್ ಅತಿ ಬಿಗಿಯಾದರೆ ಶೂಗಳು ಪೂರ್ತಿ ಹಿಂದೆ ಸರಿಯದೆ, ಸವೆದ ಶೂವನ್ನು ತಾನಾಗಿಯೇ ಡ್ರಮ್ ಹತ್ತಿರ ತರುವ ಸೆಲ್ಫ್ ಅಡ್ಜಸ್ಟರ್ ಕೂಡ ಕೆಲಸ ಮಾಡದೆ ಹೋಗಬಹುದು.

ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಇಡಿ, ಹಿಂಭಾಗ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ ಡ್ರಮ್ ಬಿಚ್ಚಿ. ಬರೀ ಜಾಕ್ ನಂಬಬೇಡಿ. ಧೂಳನ್ನು ಊದಲೇಬೇಡಿ, ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಿ.

ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಮ್ಯಾನ್ಯುಯಲ್‌ನಲ್ಲಿ ಹೇಳಿದ್ದಕ್ಕಿಂತ ತೆಳುವಾಗಿದ್ದರೆ, ಅಥವಾ ಶೂಗಳನ್ನು ಒತ್ತುವ ವೀಲ್ ಸಿಲಿಂಡರ್ ಸೋರಿ ಬ್ರೇಕ್ ಆಯಿಲ್ ಕುಡಿದಿದ್ದರೆ, ಎರಡೂ ಕಡೆಯ ಶೂ ಒಟ್ಟಿಗೆ ಬದಲಿಸಿ. ಸೋರಿಕೆ ಸರಿಮಾಡದೆ ಹೊಸ ಶೂ ಹಾಕಿದರೆ ಸುಮ್ನೆ ದುಡ್ಡು ದಂಡ. ಅಡ್ಜಸ್ಟರ್ ತುಕ್ಕು ಹಿಡಿದು ತಿರುಗದಿದ್ದರೆ ಬಿಚ್ಚಿ ಕ್ಲೀನ್ ಮಾಡಿ. ಹಳೇ ಕಾರುಗಳಲ್ಲಿ ಇದು ಜಾಸ್ತಿ.

ಕೇಬಲ್ ಎಳೆ ಬಿಟ್ಟಿದ್ದರೆ, ಅಥವಾ ಲಿವರ್ ಇಳಿಸಿದರೂ ಹಿಂದೆ ಸರಿಯದೆ ಹಿಡಿದುಕೊಂಡರೆ, ಹೊಸದೇ ಹಾಕಿ.

ಡ್ರಮ್ ಕೂರಿಸಿ, ಚಕ್ರ ತಿರುಗಿಸಿದಾಗ ಸಣ್ಣಗೆ ಉಜ್ಜುವಷ್ಟು ಶೂ ಹೊಂದಿಸಿ, ಕಾಲಿನ ಬ್ರೇಕ್ ಕೆಲವು ಸಲ ಒತ್ತಿ. ಕೇಬಲ್ ನಟ್ ಮುಟ್ಟುವುದು ಇದಾದ ಮೇಲೆ. ಲಿವರ್ ಎಳೆದಾಗ ಎಷ್ಟು ಕ್ಲಿಕ್ ಬೇಕು ಅಂತ ಮ್ಯಾನ್ಯುಯಲ್ ನೋಡಿ. ಲಿವರ್ ಇಳಿಸಿದಾಗ ಎರಡೂ ಚಕ್ರ ಬಿಗಿಯಿಲ್ಲದೆ ತಿರುಗಬೇಕು, ಇಲ್ಲದಿದ್ದರೆ ಓಡಿಸುವಾಗ ಡ್ರಮ್ ಬಿಸಿಯಾಗುತ್ತದೆ.