ಮಲ್ಚಿಂಗ್ ಶೀಟಿಗೂ ಜಗ್ಗದ ಜೇಕು

ಪ್ರಶ್ನೆ: ಟೊಮೆಟೊ ಸಾಲುಗಳಿಗೆ ಕಪ್ಪು ಮಲ್ಚಿಂಗ್ ಶೀಟ್ (ಮಣ್ಣು ಮುಚ್ಚುವ ಪ್ಲಾಸ್ಟಿಕ್ ಹಾಳೆ) ಹೊದಿಸಿದ್ದರೂ ಜೇಕು ಕಳೆ ಅದನ್ನೇ ತೂತು ಮಾಡಿಕೊಂಡು ಮೇಲೇಳುತ್ತಿದೆ. ಪರಿಹಾರವೇನು?
– ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಬೀಜದಿಂದ ಹುಟ್ಟುವ ಬಹುತೇಕ ಕಳೆಗಳು ಕಪ್ಪು ಹಾಳೆಯಡಿ ಬೆಳಕಿಲ್ಲದೆ ಸಾಯುತ್ತವೆ, ಆದರೆ ಗಡ್ಡೆಯಿಂದ ಚಿಗುರುವ ಜೇಕಿನ ಮೊಳಕೆ ಕತ್ತಲಲ್ಲಿ ಎಲೆ ಬಿಚ್ಚದೆ ಸೂಜಿಯಂತೆ ಚೂಪಾಗಿಯೇ ಉಳಿಯುವುದರಿಂದ 25–30 ಮೈಕ್ರಾನ್ ದಪ್ಪದ ಹಾಳೆಯನ್ನು ಸುಲಭವಾಗಿ ಚುಚ್ಚಿಕೊಂಡು ಬರುತ್ತದೆ. ಈ ಬೆಳೆಯಲ್ಲಿ ಅದನ್ನು ಆಗಾಗ ಕಿತ್ತು ಗಡ್ಡೆಯ ಶಕ್ತಿ ಕುಂದಿಸುತ್ತಿರಿ. ಮುಂದಿನ ಬೆಳೆಗೆ ಮುನ್ನ, ಏಪ್ರಿಲ್–ಮೇ ಬಿಸಿಲಿನಲ್ಲಿ, ಉತ್ತು ಹೆಂಟೆ ಒಡೆದು ಸಮಮಾಡಿದ ಮಣ್ಣಿಗೆ ಚೆನ್ನಾಗಿ ನೀರುಣಿಸಿ, ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳನ್ನು ಗಾಳಿಯಾಡದಂತೆ ಮಣ್ಣಿನಲ್ಲಿ ಹೂತು 4ರಿಂದ 6 ವಾರ ಬಿಡಿ. ಬೆಳಕು ಕಂಡ ಮೊಳಕೆ ಎಲೆ ಬಿಚ್ಚಿ, ಹಾಳೆಯಡಿಯಲ್ಲೇ ಸಿಕ್ಕಿಬಿದ್ದು ಬೇಯುತ್ತದೆ. ಆಳದ ಗಡ್ಡೆಗಳಿಗೆ ಈ ಕಾವು ಸಾಲದು. ಆದ್ದರಿಂದ ಹಾಳೆ ತೆಗೆದ ಬಳಿಕ ಆಳವಾಗಿ ಉಳಲೇಬೇಡಿ; ಉತ್ತರೆ ಬದುಕುಳಿದ ಆ ಗಡ್ಡೆಗಳು ಮೇಲೆ ಬಂದು ಮತ್ತೆ ಚಿಗುರುತ್ತವೆ.