ವಯಲಿನ್ ಕಲಿತ ಮಗಳಿಗೆ ಯಾವ ಸಂಗೀತ ಕಾಲೇಜು?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದಾಳೆ. ಬಾಲ್ಯದಿಂದಲೂ ಕಲಬುರಗಿಯ ಗುರುಗಳೊಬ್ಬರ ಬಳಿ ಹಿಂದೂಸ್ತಾನಿ ವಯಲಿನ್ ಕಲಿಯುತ್ತಿದ್ದು, ಜೂನಿಯರ್ ಮತ್ತು ಸೀನಿಯರ್ ಪರೀಕ್ಷೆಗಳನ್ನು ಮುಗಿಸಿದ್ದಾಳೆ. ಸಂಗೀತದಲ್ಲಿಯೇ ಪದವಿ ಪಡೆಯಬೇಕೆಂಬುದು ಅವಳ ಹಟ. ಧಾರವಾಡ, ಮೈಸೂರು, ಬನಾರಸ್ ಎಂದು ಒಬ್ಬೊಬ್ಬರು ಒಂದೊಂದು ಊರನ್ನು ಹೇಳುತ್ತಾರೆ. ಯಾವುದನ್ನು ಆರಿಸಬೇಕು? ಮುಂದೆ ಉದ್ಯೋಗಕ್ಕೆ ಅನುಕೂಲವಾದೀತೇ?
– ಒಬ್ಬ ತಂದೆ, ಸೇಡಂ

ಉತ್ತರ: ಮಾನ್ಯರೇ, ಊರಿನ ಹೆಸರಿಗಿಂತ ಮೊದಲು ತಾವು ವಿಚಾರಿಸಬೇಕಾದದ್ದು, ಆ ಕಾಲೇಜಿನಲ್ಲಿ ವಯಲಿನ್ನನ್ನು ಕೈಯಲ್ಲಿ ಹಿಡಿದು ಪಾಠ ಹೇಳುವ ಕಾಯಂ ಅಧ್ಯಾಪಕರಿದ್ದಾರೆಯೇ ಎಂಬುದನ್ನು. ಸಂಗೀತ ವಿಭಾಗಗಳಲ್ಲಿ ಗಾಯನದ ವಿದ್ಯಾರ್ಥಿಗಳೇ ಹೆಚ್ಚು; ವಾದ್ಯದ ವಿದ್ಯಾರ್ಥಿ ಒಬ್ಬಿಬ್ಬರೇ ಇದ್ದಲ್ಲಿ ಅವರನ್ನೂ ಗಾಯನದ ತರಗತಿಯಲ್ಲಿಯೇ ಕೂರಿಸುವುದುಂಟು. ನಿಷಾದ ಸ್ವರ ಇಳಿಯಿತೆಂದು ಗಾಯನದ ಗುರುಗಳು ಖಂಡಿತ ಹೇಳಬಲ್ಲರು. ಆದರೆ ನಿಧಾನಗತಿಯ ವಿಲಂಬಿತದಲ್ಲಿ ಕಮಾನು ತುದಿಗೆ ಬರುವ ಹೊತ್ತಿಗೆ ಮಣಿಕಟ್ಟು ಬಿಗಿಯಾಗಿ ಸ್ವರ ತುಂಡಾಗುತ್ತಿದೆ ಎಂಬುದನ್ನು ಗುರುತಿಸಿ, ವಾದ್ಯ ತೆಗೆದುಕೊಂಡು ನುಡಿಸಿ ತೋರಿಸುವುದು ವಯಲಿನ್ ವಾದಕರಿಗೇ ಸಾಧ್ಯ. ಆದ್ದರಿಂದ ಅರ್ಜಿ ಹಾಕುವ ಮೊದಲು ಮಗಳನ್ನು ಕರೆದುಕೊಂಡು ಹೋಗಿ, ಅನುಮತಿ ಪಡೆದು, ಒಂದು ತರಗತಿಯಲ್ಲಿ ಕೂರಿಸಿ ನೋಡಿ. ವಾರಕ್ಕೆ ಎಷ್ಟು ತಾಸು ವಾದ್ಯದ ಪಾಠವಿದೆ, ವಸತಿ ನಿಲಯದಲ್ಲಿ ಬೆಳಗಿನ ರಿಯಾಜಿಗೆ, ಅಂದರೆ ಅಭ್ಯಾಸಕ್ಕೆ, ಅವಕಾಶವಿದೆಯೇ ಎಂಬುದನ್ನೂ ಅಲ್ಲಿಯ ಹಿರಿಯ ವಿದ್ಯಾರ್ಥಿಗಳಿಂದಲೇ ಕೇಳಿ ತಿಳಿಯಿರಿ.

ಎರಡನೆಯದು ಪದ್ಧತಿ, ಹಿಂದೂಸ್ತಾನಿಯೋ ಕರ್ನಾಟಕವೋ ಎಂಬುದು. ಮೈಸೂರು ವಯಲಿನ್ ವಿದ್ವಾಂಸ ಟಿ. ಚೌಡಯ್ಯನವರ ಊರು, ಅಲ್ಲಿಯ ವಯಲಿನ್ ಪರಂಪರೆ ಕರ್ನಾಟಕ ಸಂಗೀತದ್ದು. ಅಲ್ಲಿರುವ ಸಂಗೀತ ವಿಶ್ವವಿದ್ಯಾಲಯಕ್ಕೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹೆಸರಿದೆಯೆಂಬ ಕಾರಣಕ್ಕೆ ಹಿಂದೂಸ್ತಾನಿ ವಯಲಿನ್ ಪಾಠವೂ ಇರುತ್ತದೆಂದು ಭಾವಿಸದೆ, ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳಿ. ವಾದ್ಯ ಒಂದೇ ಆದರೂ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಒಗ್ಗಿದ ಬೆರಳನ್ನು, ಸ್ವರವನ್ನು ಅಲುಗಿಸುವ ಕರ್ನಾಟಕ ಪದ್ಧತಿಯ ಗಮಕಕ್ಕೆ ತಿರುಗಿಸಲು ವರ್ಷಗಳೇ ಹಿಡಿಯುತ್ತವೆ. ತಮ್ಮ ಮಗಳಿಗೆ ಧಾರವಾಡ ಸಹಜವಾದ ನೆಲ. ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯವಷ್ಟೇ ಅಲ್ಲ, ಸಂಜೆ ಕಛೇರಿ ಕೇಳುವ, ತಬಲಾ ಸಾಥಿಗೆ ಒಡನಾಡಿಗಳು ಸಿಗುವ ವಾತಾವರಣವೂ ಅಲ್ಲಿದೆ. ವಾದಕಿಯಾಗಿ ಬೆಳೆಯಬೇಕಾದವಳಿಗೆ ಇದು ಪಠ್ಯಕ್ರಮದಷ್ಟೇ ಮುಖ್ಯವೆಂದು ನಾನು ದೃಢವಾಗಿ ನಂಬುತ್ತೇನೆ.

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಗೀತ ವಿಭಾಗವನ್ನು ಕಟ್ಟಿದವರು ಗಾಯಕ ಪಂಡಿತ ಓಂಕಾರನಾಥ ಠಾಕೂರ್. ಅವರ ಶಿಷ್ಯೆ ಎನ್. ರಾಜಂ ಅವರು ‘ಗಾಯಕಿ ಅಂಗ’ದ, ಅಂದರೆ ಹಾಡುವ ರೀತಿಯಲ್ಲಿ ನುಡಿಸುವ, ವಯಲಿನ್ನಿಗೆ ಹೆಸರಾದವರು, ಅಲ್ಲಿಯೇ ದೀರ್ಘಕಾಲ ಪಾಠ ಹೇಳಿದವರು. ಮಗಳು ಖಯಾಲನ್ನು ಹಾಡಿನಂತೆಯೇ ನುಡಿಸುವವಳೋ, ಜೋಡ–ಝಾಲಾ–ಗತ್ ಇರುವ, ತಂತಿವಾದ್ಯಗಳದ್ದೇ ಶೈಲಿಯಾದ ತಂತಕಾರಿ ಅಂಗದವಳೋ ಎಂಬುದನ್ನು ಈಗಿನ ಗುರುಗಳಿಂದಲೇ ತಿಳಿದು, ಈಗ ಅಲ್ಲಿ ಕಲಿಸುತ್ತಿರುವವರ ಶೈಲಿಯೊಂದಿಗೆ ತಾಳೆ ಹಾಕಿ ನೋಡಬೇಕು. ಮನೆಯಿಂದ ಅಷ್ಟು ದೂರ ಕಳುಹಿಸುವುದು ಆ ಶೈಲಿ ಕೂಡಿಬಂದರೆ ಮಾತ್ರ ಸಾರ್ಥಕ. ಕೇಂದ್ರೀಯ ವಿಶ್ವವಿದ್ಯಾಲಯವಾದ್ದರಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಬರೆಯಬೇಕಾಗುತ್ತದೆ; ಅದರ ಅರ್ಜಿಯ ಅವಧಿ ಪಿಯು ಫಲಿತಾಂಶಕ್ಕೆ ಕಾಯುವುದಿಲ್ಲ.

ಉದ್ಯೋಗದ ಮಾತು. ಬಿ.ಎ.ಯಲ್ಲಿ ಸಂಗೀತವನ್ನು ಒಂದು ಐಚ್ಛಿಕ ವಿಷಯವಾಗಿ ಓದುವುದಕ್ಕೂ, ಬಿ.ಮ್ಯೂಸಿಕ್ ಅಥವಾ ಬಿ.ಪಿ.ಎ. (ಪ್ರದರ್ಶನ ಕಲೆಗಳ) ಪದವಿಗೂ ಬಹಳ ಅಂತರವಿದೆ. ಕೇಂದ್ರೀಯ ವಿದ್ಯಾಲಯಗಳ ಸಂಗೀತ ಶಿಕ್ಷಕರ ಹುದ್ದೆಗೆ ಸಂಗೀತದಲ್ಲಿಯೇ ಪದವಿ ಕೇಳುತ್ತಾರೆ. ಕಾಲೇಜು ಅಧ್ಯಾಪನಕ್ಕೆ ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಕೆ–ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಹುದ್ದೆಗಳು ಕಡಿಮೆ, ಇದನ್ನು ಮಗಳಿಗೂ ಮುಚ್ಚಿಡದೆ ಹೇಳಿ. ಪದವಿಯ ಅವಧಿಯಲ್ಲಿಯೇ ಆಕಾಶವಾಣಿಯ ಆಡಿಷನ್ನಿಗೆ ಸಿದ್ಧಳಾಗಲಿ. ಕಲಬುರಗಿಯಲ್ಲಿಯೇ ಕೇಂದ್ರವಿದೆ, ಅಲ್ಲಿ ಕಲಾವಿದರಿಗೆ ದೊರೆಯುವ ಗ್ರೇಡ್ (ದರ್ಜೆ) ಕಛೇರಿಗಳಿಗೂ ನೆರವಾಗುತ್ತದೆ.

ಕೊನೆಯದಾಗಿ, ಸೇಡಂ ಕಲ್ಯಾಣ ಕರ್ನಾಟಕಕ್ಕೆ ಸೇರಿರುವುದರಿಂದ ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿವೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕು. ಫಲಿತಾಂಶದ ನಂತರ ಅಲ್ಲಿ ನೂಕುನುಗ್ಗಲು ಹೆಚ್ಚುವುದರಿಂದ, ಪರೀಕ್ಷೆ ಮುಗಿದ ಕೂಡಲೇ ಅರ್ಜಿ ಕೊಟ್ಟುಬಿಡಿ.