ಕೋವಿ ಮಾರುವಾಗ ಚೀಟಿ ಬರೆಸಿಕೊಳ್ಳಬೇಕಾ?

ಓದುಗರ ಪತ್ರ: ನಾನು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇನೆ. ಊರು ಮಡಿಕೇರಿ ಕಡೆ. ಗ್ರೀನ್ ಕಾರ್ಡ್ ಇದೆ. ಕೆಲವು ವರ್ಷದ ಹಿಂದೆ ಅಂಗಡಿಯಲ್ಲಿ ಕೊಂಡ ರೆಮಿಂಗ್ಟನ್ 870 ಶಾಟ್‌ಗನ್ ಮನೆಯಲ್ಲಿ ಸುಮ್ನೆ ಬಿದ್ದಿದೆ. ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರು 250 ಡಾಲರ್‌ಗೆ ಕೇಳುತ್ತಿದ್ದಾರೆ. ಎಚ್-1ಬಿ ಮೇಲೆ ಎರಡು ವರ್ಷದ ಹಿಂದೆ ಬಂದವರು, ಒಳ್ಳೆಯ ಮನುಷ್ಯ. ನನ್ನ ಹೆಂಡತಿ ‘ಬಿಲ್ ಆಫ್ ಸೇಲ್, ಅಂದರೆ ಮಾರಾಟದ ಚೀಟಿ ಬರೆಸಿಕೊಳ್ಳದೆ ಕೊಡಬೇಡಿ’ ಅನ್ನುತ್ತಾಳೆ. ಗುಂಡು ಹೊಡೆಯುವ ರೇಂಜ್‌ನಲ್ಲಿ ಸಿಗುವ ಅಮೆರಿಕನ್ ಗೆಳೆಯ ‘ಕಾನೂನೇ ಕೇಳದ ಕಾಗದ ನಿನಗ್ಯಾಕೆ’ ಅನ್ನುತ್ತಾನೆ. ಯಾರ ಮಾತು ಕೇಳಲಿ? ಹಾಗೇ ಇನ್ನೊಂದು. ಊರಲ್ಲಿ ಅಪ್ಪನ ಕೋವಿ ಇದೆ. ಅದನ್ನೂ ಒಂದು ಛಾಪಾ ಕಾಗದದಲ್ಲಿ ಬರೆದು ದೊಡ್ಡಪ್ಪನ ಮಗನಿಗೆ ಕೊಡಬಹುದಾ?

ಸಂಪಾದಕರ ಉತ್ತರ:

ನಿಮ್ಮ ಹೆಂಡತಿಯ ಮಾತು ಕೇಳಿ. ಆದರೆ ಅದಕ್ಕೂ ಮುಂಚೆ ಈ ವ್ಯಾಪಾರವನ್ನು ಅಲ್ಲೇ ನಿಲ್ಲಿಸಿ.

ನೀವು ಕಾಗದದ ಬಗ್ಗೆ ಕೇಳಿದ್ದೀರಿ. ನನ್ನ ಕಣ್ಣು ನಿಂತಿದ್ದು ‘ಎಚ್-1ಬಿ’ ಅನ್ನುವ ಮಾತಿನ ಮೇಲೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಯಾರ್ಯಾರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದು ಒಂದು ಪಟ್ಟಿ ಇದೆ. ದೊಡ್ಡ ಅಪರಾಧದಲ್ಲಿ ಶಿಕ್ಷೆಯಾದವರು, ಮಾದಕ ವಸ್ತು ಬಳಸುವವರು, ಮನೆಯವರ ಮೇಲೆ ಕೈ ಮಾಡಿ ಶಿಕ್ಷೆಯಾದವರು, ಹೀಗೆ. ಅದೇ ಪಟ್ಟಿಯಲ್ಲಿ ತಾತ್ಕಾಲಿಕ ವೀಸಾ ಮೇಲೆ ಬಂದವರೂ ಇದ್ದಾರೆ. ಎಚ್-1ಬಿ ಅಂಥದ್ದೇ ವೀಸಾ. ಗ್ರೀನ್ ಕಾರ್ಡ್ ಇರುವ ನಿಮಗೆ ಈ ತಡೆ ಇಲ್ಲ. ನಿಮ್ಮ ಗೆಳೆಯರಿಗೆ ಇದೆ. ಸಾಫ್ಟ್‌ವೇರ್ ಕೆಲಸ ಮಾಡಿಕೊಂಡು, ತೆರಿಗೆ ಕಟ್ಟಿಕೊಂಡು, ಯುಗಾದಿಗೆ ಒಬ್ಬಟ್ಟು ಬಡಿಸುವ ಮನುಷ್ಯನ ಹೆಸರು ಆ ಪಟ್ಟಿಯಲ್ಲಿ ಇರಬಹುದು ಎಂದು ನಮ್ಮವರಿಗೆ ಹೊಳೆಯುವುದೇ ಇಲ್ಲ.

ಒಂದು ದಾರಿ ಬಿಟ್ಟಿದ್ದಾರೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವೀಸಾದವರೂ ಕೊಳ್ಳಬಹುದು. ತಮಾಷೆ ಅನ್ನಿಸಿದರೂ ನಿಜ. ಆದರೆ ಟೆಕ್ಸಸ್‌ನ ವಾರ್ಷಿಕ ಬೇಟೆ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಅದನ್ನು ಮತ್ತೆ ಮಾಡಿಸಲು ಮರೆತರೆ ಸೆಪ್ಟೆಂಬರ್ 1ರ ಬೆಳಿಗ್ಗೆ ಕಪಾಟಿನಲ್ಲಿರುವ ಅದೇ ಬಂದೂಕು ಅಪರಾಧವಾಗುತ್ತದೆ. ನಿಮ್ಮ ಗೆಳೆಯರಿಗೆ ಇದು ಗೊತ್ತಾ? ಮೊದಲು ಕೇಳಿ.

ಇಟ್ಟುಕೊಳ್ಳುವವರದ್ದಷ್ಟೇ ತಪ್ಪಲ್ಲ. ಇಂಥವರು ಎಂದು ಗೊತ್ತಿದ್ದು, ಅಥವಾ ಹಾಗೆ ತಿಳಿಯಲು ಕಾರಣ ಇದ್ದು ಮಾರಿದವರದ್ದೂ ತಪ್ಪೇ. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ಜೊತೆಗೆ ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಹಾಕಬಹುದು. ಇಲ್ಲಿ ಬಿಲ್ ಆಫ್ ಸೇಲ್ ನಿಮ್ಮನ್ನು ಕಾಪಾಡುವುದಿಲ್ಲ. ‘ಇವರಿಗೆ ಮಾರಿದ್ದು ನಾನೇ’ ಎಂದು ನೀವೇ ಸಹಿ ಹಾಕಿ ಕೊಟ್ಟ ಹಾಗಾಗುತ್ತದೆ, ಅಷ್ಟೆ.

ಸರಿ, ಕೊಳ್ಳುವವರು ಬೇರೆಯವರು, ಟೆಕ್ಸಸ್ ನಿವಾಸಿ, ಯಾವ ತಡೆಯೂ ಇಲ್ಲ ಎಂದಿಟ್ಟುಕೊಳ್ಳೋಣ. ಆಗ ನಿಮ್ಮ ರೇಂಜ್ ಗೆಳೆಯ ಹೇಳಿದ್ದು ನಿಜ. ಒಂದೇ ರಾಜ್ಯದ ಇಬ್ಬರು ಖಾಸಗಿಯಾಗಿ ಕೊಟ್ಟು ತೆಗೆದುಕೊಂಡರೆ ಫೆಡರಲ್ ಕಾನೂನು ಕಾಗದ ಕೇಳುವುದಿಲ್ಲ, ಟೆಕ್ಸಸ್ಸೂ ಕೇಳುವುದಿಲ್ಲ. ಕೊಳ್ಳುವವರು ಬೇರೆ ರಾಜ್ಯದವರಾದರೆ ಮಾತ್ರ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು.

ಹಾಗಾದರೆ ಕಾಗದ ಯಾಕೆ? ಒಂದು ಬಂದೂಕು ಎಲ್ಲೋ ಅಪರಾಧದಲ್ಲಿ ಸಿಕ್ಕಿತು ಅನ್ನಿ. ಪೊಲೀಸರು ಅದರ ಸೀರಿಯಲ್ ನಂಬರನ್ನು ಬಂದೂಕುಗಳ ಉಸ್ತುವಾರಿ ನೋಡುವ ಫೆಡರಲ್ ಸರ್ಕಾರದ ಎಟಿಎಫ್ ಇಲಾಖೆಗೆ ಕಳಿಸುತ್ತಾರೆ. ಪಶ್ಚಿಮ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಇದಕ್ಕೆಂದೇ ಒಂದು ಕೇಂದ್ರ ಇದೆ. ಅಲ್ಲಿ ಕಂಪ್ಯೂಟರ್‌ನಲ್ಲಿ ಹೆಸರು ಹೊಡೆದರೆ ಸಿಗುವಂಥ ಬಂದೂಕು ಮಾಲೀಕರ ಪಟ್ಟಿ ಇಲ್ಲ. ಅಂಥ ರಾಷ್ಟ್ರೀಯ ಪಟ್ಟಿ ಮಾಡಬಾರದು ಎಂದು 1986ರಲ್ಲೇ ಕಾನೂನಾಗಿದೆ. ಹಾಗಾಗಿ ಅವರು ತಯಾರಕರನ್ನು ಕೇಳುತ್ತಾರೆ, ಅಲ್ಲಿಂದ ಸಗಟು ವ್ಯಾಪಾರಿ, ಅಲ್ಲಿಂದ ಅಂಗಡಿ. ಅಂಗಡಿಯಲ್ಲಿ ಮೊದಲ ಗಿರಾಕಿ ತುಂಬಿದ 4473 ನಂಬರಿನ ಫಾರ್ಮ್ ಇರುತ್ತದೆ. ದಾರಿ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆ ಮೊದಲ ಗಿರಾಕಿ ನೀವು. ಬಾಗಿಲು ತಟ್ಟುವುದು ನಿಮ್ಮ ಮನೆಯದ್ದೇ.

ನಾನು ಅಮೆರಿಕಕ್ಕೆ ಹೊರಡುವ ಮುಂಚೆ ಬೆಂಗಳೂರಲ್ಲಿ ಸ್ಕೂಟರ್ ಮಾರಿದೆ. ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಹಾಕಿ ಕೊಟ್ಟೆ, ದುಡ್ಡು ಎಣಿಸಿಕೊಂಡೆ, ಮರೆತೆ. ಕೊಂಡ ಪುಣ್ಯಾತ್ಮ ಆರ್‌ಸಿ ಬದಲಾಯಿಸಲೇ ಇಲ್ಲ. ಸಿಗ್ನಲ್ ಹಾರಿದ್ದಕ್ಕೆ, ಹೆಲ್ಮೆಟ್ ಹಾಕದ್ದಕ್ಕೆ ದಂಡದ ನೋಟಿಸು ಮೂರು ವರ್ಷ ನನ್ನ ಹೆಸರಿಗೆ ಮೈಸೂರಿನ ಮನೆಗೆ ಬಂತು. ‘ಅಲ್ಲೇ ಇದ್ದೀಯೋ, ಬೆಂಗಳೂರಿಗೆ ಬಂದಿದ್ದೀಯೋ?’ ಎಂದು ಅಮ್ಮ ಫೋನ್‌ನಲ್ಲಿ ಅನುಮಾನದಿಂದ ಕೇಳಿದ್ದರು. ಯಾರಿಗೆ ಮಾರಿದೆ ಎಂದು ನೆನಪಿಸಿಕೊಳ್ಳಲು ಹೋದರೆ ಮನುಷ್ಯನ ಮೀಸೆ ಮಾತ್ರ ನೆನಪಿತ್ತು, ಹೆಸರಿಲ್ಲ. ನನ್ನದು ಬರೀ ಹೆಲ್ಮೆಟ್ ದಂಡ. ನಿಮ್ಮದು ಕೋವಿ.

ರೇಂಜ್ ಗೆಳೆಯನ ಮಾತಿನಲ್ಲೂ ಹುರುಳಿದೆ. ನಿಮ್ಮ ಹೆಸರು, ಮನೆ ವಿಳಾಸ, ‘ಇಲ್ಲಿ ಬಂದೂಕು ಇದೆ’ ಅನ್ನುವ ಸುಳಿವು, ಎಲ್ಲ ಇರುವ ಹಾಳೆಯನ್ನು ಅಪರಿಚಿತನ ಕೈಗೆ ಕೊಡುತ್ತೀರಿ. ಅವನು ಅದನ್ನು ಎಲ್ಲಿ ಬಿಸಾಡುತ್ತಾನೋ ಯಾರಿಗೆ ಗೊತ್ತು. ಕಾಗದ ಬರೆದವರ ಪರವಾಗಿಯೇ ಸಾಕ್ಷಿ ಹೇಳುತ್ತದೆ ಅನ್ನುವಂತೆಯೂ ಇಲ್ಲ. ಅಬ್ರಾಮ್ಸ್ಕಿ ಎಂಬ ಮಾಜಿ ಪೊಲೀಸಿನವರ ಪ್ರಕರಣ ಇದಕ್ಕೆ ಉದಾಹರಣೆ. 2009ರಲ್ಲಿ ಅವರು ತಮ್ಮ ಅಂಕಲ್‌ಗಾಗಿ ವರ್ಜೀನಿಯಾದಲ್ಲಿ ಒಂದು ಗ್ಲಾಕ್ ಪಿಸ್ತೂಲು ಕೊಂಡರು. ಅಂಕಲ್ 400 ಡಾಲರ್ ಚೆಕ್ ಮೊದಲೇ ಕಳಿಸಿದ್ದರು. ಆದರೂ ಫಾರ್ಮ್‌ನಲ್ಲಿ ನಿಜವಾಗಿ ಕೊಳ್ಳುತ್ತಿರುವವನು ನಾನೇ ಎಂದು ಗುರುತು ಹಾಕಿದರು. ಆಮೇಲೆ ಪೆನ್ಸಿಲ್ವೇನಿಯಾದಲ್ಲಿ ಡೀಲರ್ ಮೂಲಕವೇ ಅಂಕಲ್‌ಗೆ ವರ್ಗಾಯಿಸಿದರು. ಬಂದೂಕು ಇಟ್ಟುಕೊಳ್ಳಲು ಇಬ್ಬರಿಗೂ ಯಾವ ತಡೆಯೂ ಇರಲಿಲ್ಲ. ಅಂಕಲ್ ಒಂದು ರಸೀದಿ ಬರೆದುಕೊಟ್ಟರು. ಇನ್ಯಾವುದೋ ಪ್ರಕರಣದ ಅನುಮಾನದಲ್ಲಿ ಅಬ್ರಾಮ್ಸ್ಕಿ ಮನೆ ಶೋಧಿಸಿದಾಗ ಆ ರಸೀದಿಯೇ ಸಿಕ್ಕಿತು! ಫಾರ್ಮ್‌ನಲ್ಲಿ ಸುಳ್ಳು ಹೇಳಿದ್ದು ಅಪರಾಧ ಎಂಬ ತೀರ್ಪನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತದಿಂದ ಎತ್ತಿ ಹಿಡಿಯಿತು. ನೀವೂ ನೆನಪಿಡಿ. ಗೆಳೆಯರಿಗೆ ಬೇಕು ಎಂದು ಅವರ ದುಡ್ಡಿನಲ್ಲಿ ನಿಮ್ಮ ಹೆಸರಿಗೆ ಇನ್ನೊಂದು ಕೊಂಡು ಕೊಡಲು ಹೋಗಬೇಡಿ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಕೊಳ್ಳುವವರನ್ನು ಕರೆದುಕೊಂಡು ಡೀಲರ್ ಹತ್ತಿರ ಹೋಗುತ್ತಿದ್ದೆ. ಸಾಮಾನ್ಯವಾಗಿ 25ರಿಂದ 50 ಡಾಲರ್ ತೆಗೆದುಕೊಳ್ಳುತ್ತಾರೆ. ಕೊಳ್ಳುವವರು 4473 ತುಂಬುತ್ತಾರೆ, ಬ್ಯಾಕ್‌ಗ್ರೌಂಡ್ ಚೆಕ್, ಅಂದರೆ ಅವರ ಹಿನ್ನೆಲೆಯ ತಪಾಸಣೆ ಆಗುತ್ತದೆ. ವೀಸಾ, ಬೇಟೆ ಲೈಸೆನ್ಸ್ ಪ್ರಶ್ನೆಯೂ ಅಲ್ಲೇ ಬರುತ್ತದೆ. ಮುಖ್ಯವಾಗಿ, ಕೊಳ್ಳುವವರ ವಿವರ ನಿಮ್ಮ ಕೈಲಿ ಇರಬೇಕಾಗಿಲ್ಲ, ಫಾರ್ಮ್ ಡೀಲರ್ ಹತ್ತಿರ ಇರುತ್ತದೆ. ಹಾಗೆಂದು ಸುಮ್ಮನೆ ಬರಬೇಡಿ. ನಾಳೆ ಹುಡುಕುತ್ತ ಬಂದರೂ ಮೊದಲು ಬರುವುದು ನಿಮ್ಮ ಹತ್ತಿರವೇ. ಡೀಲರ್ ಹೆಸರು, ತಾರೀಖು, ಸೀರಿಯಲ್ ನಂಬರ್ ಇರುವ ರಸೀದಿ ತಂದು ಮನೆ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ. ಅಷ್ಟು ದುಡ್ಡು ಕೊಡಲು ಒಪ್ಪದ, ಡೀಲರ್ ಅಂದ ಕೂಡಲೇ ಜಾರಿಕೊಳ್ಳುವ ಗಿರಾಕಿ ನಿಮಗೆ ಬೇಕಾ ಹೇಳಿ?

ಡೀಲರ್ ದೂರ, ನಾವೇ ಮುಗಿಸಿಕೊಳ್ಳುತ್ತೇವೆ ಅಂದರೆ ಚೀಟಿ ಚಿಕ್ಕದಾಗಿರಲಿ. ತಾರೀಖು, ಕಂಪನಿ, ಮಾಡೆಲ್, ಗೇಜ್ (ನಳಿಗೆಯ ಅಳತೆ), ಸೀರಿಯಲ್ ನಂಬರ್, ಬೆಲೆ, ಇಬ್ಬರ ಹೆಸರು, ಸಹಿ. ‘ನಾನು ಟೆಕ್ಸಸ್ ನಿವಾಸಿ, ಬಂದೂಕು ಇಟ್ಟುಕೊಳ್ಳಲು ನನಗೆ ಕಾನೂನಿನ ತಡೆ ಇಲ್ಲ’ ಎಂದು ಕೊಳ್ಳುವವರ ಕೈಯಲ್ಲೇ ಒಂದು ಸಾಲು. ಎರಡು ಪ್ರತಿ. ಟೆಕ್ಸಸ್‌ನಲ್ಲಿ ಎಷ್ಟೋ ಜನ ಎಲ್‌ಟಿಸಿ, ಅಂದರೆ ಬಂದೂಕು ಒಯ್ಯುವ ಲೈಸೆನ್ಸ್ ಇದ್ದವರಿಗೆ ಮಾತ್ರ ಮಾರುತ್ತಾರೆ. ಅವರ ಬ್ಯಾಕ್‌ಗ್ರೌಂಡ್ ಒಮ್ಮೆ ನೋಡಿ ಆಗಿರುತ್ತದಲ್ಲ, ಅದಕ್ಕೆ. ಗುರುತಿನ ಚೀಟಿ ಕಣ್ಣಾರೆ ನೋಡಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಮಾತ್ರ ಕೇಳಲೂ ಬೇಡಿ, ಕೊಡಲೂ ಬೇಡಿ.

ಇದೆಲ್ಲ ಟೆಕ್ಸಸ್ ಮಾತು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ವಾಷಿಂಗ್ಟನ್, ಕೊಲರಾಡೊದಂಥ ರಾಜ್ಯಗಳಲ್ಲಿ ಖಾಸಗಿ ಮಾರಾಟಕ್ಕೂ ಬ್ಯಾಕ್‌ಗ್ರೌಂಡ್ ಚೆಕ್ ಕಡ್ಡಾಯ. ಅಲ್ಲಿನ ಓದುಗರು ಈ ಚೀಟಿಯ ಮಾತು ನಂಬಿ ಕೂರಬೇಡಿ.

ಇನ್ನು ಅಪ್ಪನ ಕೋವಿ. ಛಾಪಾ ಕಾಗದದಲ್ಲಿ ಬರೆದು ಕೊಡಲು ಅದೇನು ಸೈಟಲ್ಲ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ, ಲೈಸೆನ್ಸಿನ ಕೋವಿಯನ್ನು ಅದನ್ನು ಇಟ್ಟುಕೊಳ್ಳಲು ಅರ್ಹತೆ ಇರುವವರಿಗೆ ಮಾತ್ರ ಕೊಡಬಹುದು. ಅದಕ್ಕೂ ಮೊದಲು ಡಿಸಿಗೆ ಅಥವಾ ಹತ್ತಿರದ ಠಾಣೆಗೆ ಯಾರಿಗೆ ಕೊಡುತ್ತೇನೆ ಎಂದು ಹೆಸರು, ವಿಳಾಸ ಸಮೇತ ಬರೆದು ತಿಳಿಸಬೇಕು. ತಿಳಿಸಿ 45 ದಿನ ಕಳೆಯಬೇಕು.

ಆದರೆ ನೀವು ಕೊಡಗಿನವರು ಅಂದಿರಿ. ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದೆ. ಹಾಗಾಗಿ ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜೆ ಮಾಡುವ ಆ ಕೋವಿ ಲೈಸೆನ್ಸಿನದ್ದೋ, ವಿನಾಯಿತಿಯದ್ದೋ ಎಂದು ಮೊದಲು ಅಪ್ಪನನ್ನು ಕೇಳಿ. ವಿನಾಯಿತಿಯದ್ದಾದರೆ ದೊಡ್ಡಪ್ಪನ ಮಗನಿಗೂ ಆ ಹಕ್ಕು ಇದೆಯಾ ಎಂದು ಮಡಿಕೇರಿಯ ಡಿಸಿ ಕಚೇರಿಯಲ್ಲಿ ವಿಚಾರಿಸಿ. ಅವರು ಬೆಂಗಳೂರಲ್ಲಿ ಮನೆ ಮಾಡಿಕೊಂಡಿದ್ದರೆ ಅದನ್ನೂ ಹೇಳಿ. ಕೊಡಗಿನ ಹೊರಗೆ ಇರುವವರು ಎಷ್ಟು ಕೋವಿ, ಎಷ್ಟು ಗುಂಡು ಇಟ್ಟುಕೊಳ್ಳಬಹುದು ಎನ್ನುವುದಕ್ಕೆ ಆ ವಿನಾಯಿತಿಯಲ್ಲಿ ಮಿತಿ ಇದೆ.

ಕೂಟದ ಗೆಳೆಯರಿಗೆ ಈ ಪುಟ ತೋರಿಸಿ. ಬೇಜಾರು ಮಾಡಿಕೊಂಡರೆ ತಪ್ಪು ಸಂಪಾದಕರದ್ದು ಅಂದುಬಿಡಿ.